ಬೇಡ ಅಂದ ಫಿಲ್ಮು

ಮಗಳ ತಲೆಯ ಎಂಆರ್‌ಐಗೆ ಎಂಟು ಸಾವಿರ ಹೇಳಿದ್ದರು, ಏಳಕ್ಕೆ ಇಳಿಸಿದೆ. ನನ್ನ ಬಾಯಿಯ ಬಲದಿಂದ ಇಳೀತು ಅಂತ ಬಹಳ ದಿನ ಹೇಳಿಕೊಂಡು ತಿರುಗಿದೆ. ನಿಜ ಏನಪ್ಪಾ ಅಂದ್ರೆ, "ಫಿಲ್ಮೂ ಬೇಡ, ಸಿಡೀನೂ ಬೇಡ, ರಿಪೋರ್ಟ್ ಒಂದಿದ್ರೆ ಸಾಕು" ಅಂದಿದ್ದೆ. ಆ ಕಪ್ಪು ಹಾಳೆ ನಮಗೇನು ಓದೋಕೆ ಬರುತ್ತಾ?

ಆಗ ಅವಳಿಗೆ ಐದು ವರ್ಷ. ನಡೆದರೆ ತೂರಾಡೋಳು, ಲೋಟ ಹಿಡಿದರೆ ನೀರು ತುಳುಕೋದು. ನಡಿಗೆಯ ಹಿಡಿತ ನೋಡಿಕೊಳ್ಳೋ ಕಿರುಮೆದುಳು ಚಿಕ್ಕದಿದೆ ಅಂತ ರಿಪೋರ್ಟ್ ಬಂತು. "ಹುಟ್ಟಿನಿಂದಲೇ ಹಾಗಿದ್ರೆ ಹೆಚ್ಚಾಗಲ್ಲ. ವರ್ಷ ಬಿಟ್ಟು ಇನ್ನೊಂದ್ಸಲ ನೋಡೋಣ" ಅಂದರು ಡಾಕ್ಟರು. 'ಹೆಚ್ಚಾಗಲ್ಲ' ಅನ್ನೋದೊಂದನ್ನೇ ಗಂಟು ಕಟ್ಟಿಕೊಂಡು ಕಡೂರಿಗೆ ಬಂದೆ. ನನ್ನ ಕೊಬ್ಬರಿ ಮಂಡಿಯ ಅಂಗಳದಲ್ಲಿ ರೂಢಿಯಾದರೆ ಸರಿಹೋಗ್ತಾಳೆ ಅಂತ ದಿನಾ ಬೆಳಗ್ಗೆ ಅವಳನ್ನು ಕೈ ಹಿಡಿಯದೆ ನಡೆಸಿದೆ. ಬಿದ್ದರೆ ಗದರಿದೆ.

"ಬೇಕಂತ ಬೀಳ್ತಿಲ್ಲ ಕಣಪ್ಪಾ" ಅನ್ನೋಳು.

ವರ್ಷದ ಮೇಲೆ ಬೆಂಗಳೂರಿನಲ್ಲಿ ಎರಡನೇ ಸ್ಕ್ಯಾನ್. ಅಲ್ಲಿಯ ಡಾಕ್ಟರು ಹಳೇ ಫಿಲ್ಮು ಕೇಳಿದರು. ರಿಪೋರ್ಟ್ ಚಾಚಿದೆ.

"ಇದಲ್ಲ ಕಣ್ರೀ, ಚಿತ್ರ ಬೇಕು. ಹುಟ್ಟಿದಾಗ್ಲೇ ಚಿಕ್ಕದಾ, ಇಲ್ಲಾ ಮೊದಲು ಸರಿಯಾಗಿದ್ದು ಈಗ ಸೊರಗ್ತಿದೆಯಾ? ಒಂದೇ ಚಿತ್ರ ನೋಡಿ ಈ ಮಗೂದು ಹೇಳಕ್ಕಾಗಲ್ಲ. ಎರಡನ್ನೂ ಪಕ್ಕಪಕ್ಕ ಇಡ್ಬೇಕು."

ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಣ್ಣ ಕಾಯಿ ಬೇರೆ, ಒಣಗಿ ಚಿಪ್ಪು ಬಿಟ್ಟ ಕೊಬ್ಬರಿ ಬೇರೆ. ಹಳೇ ಸ್ಕ್ಯಾನ್ ಸೆಂಟರಿಗೆ ಫೋನ್ ಮಾಡಿದೆ, ಅವರ ಕಂಪ್ಯೂಟರಿನಿಂದಲೂ ಚಿತ್ರ ಅಳಿಸಿ ಹೋಗಿತ್ತು. ಬೆಂಚಿನ ಮೇಲೆ ಕೂತಿದ್ದ ಹೆಂಡತಿ, "ಕೊಬ್ಬರಿಗೆ ಮಾಡೋ ಚೌಕಾಸೀನ ಕೂಸಿನ ತಲೆಗೂ ಮಾಡ್ಬಿಟ್ರಲ್ಲಾ" ಅಂದಳು. ಜನ ತಿರುಗಿ ನೋಡಿದರು.

ಪಕ್ಕ ಇಡೋಕೆ ಇನ್ನೊಂದು ಚಿತ್ರ ಬೇಕಲ್ಲ, ಮತ್ತೊಂದು ವರ್ಷ ಕಾದೆವು. ಆ ವರ್ಷವೂ ನಡೆಸಿದೆ, ಗದರಿದೆ. ಗೊತ್ತಾಗುವವರೆಗೆ ಒಳ್ಳೆಯದನ್ನೇ ನಂಬೋಣ ಅಂತ.

ಡಾಕ್ಟರು ಮೂರನೇ ಚಿತ್ರವನ್ನು ಎರಡನೆಯದರ ಪಕ್ಕ ಹಿಡಿದರು. ಕಿರುಮೆದುಳಿನ ಮಡಿಕೆಗಳ ನಡುವಿನ ಸಂದು ಅಗಲವಾಗಿತ್ತು. ಫಿಲ್ಮು ಓದೋಕೆ ಬರದ ನನಗೂ ಕಂಡಿತು. ಸೊರಗುತ್ತಿತ್ತು. "ಮೊದಲೇ ಗೊತ್ತಾಗಿದ್ರೂ ಇದನ್ನ ನಿಲ್ಸೋ ಔಷಧಿ ಇರ್ಲಿಲ್ಲ" ಅಂದರು, ಸಮಾಧಾನಕ್ಕೆ. ಆದರೆ ನಾನು ಗದರದೆ ಇರಬಹುದಿತ್ತು. ಈಗ ಅವಳು ಬಿದ್ದರೆ ಎತ್ತಿಕೊಂಡು ಹೋಗಿ ಕೂರಿಸುತ್ತೇನೆ. ಆದರೂ ಕಾಲು ಎಡವಿದ ಕೂಡಲೇ ಅವಳು ಮೊದಲು ನೋಡೋದು ನನ್ನ ಮುಖವನ್ನೇ.

ನೀವು ಮಗುವಿಗೆ ಸ್ಕ್ಯಾನ್ ಮಾಡಿಸಿದರೆ ಫಿಲ್ಮು, ಸಿಡಿ ಎರಡೂ ಕೇಳಿ ಪಡೆಯಿರಿ. ಸಿಡಿಯನ್ನು ಅಲ್ಲೇ ಹಾಕಿ ತೋರಿಸಿ ಅನ್ನಿ. ಫಿಲ್ಮು ಮಡಚಬೇಡಿ, ಬಿಸಿಲಿಗೆ ಇಡಬೇಡಿ. ತಾರೀಕು ಬರೆದು ಜಮೀನಿನ ಪತ್ರಗಳ ಜೊತೆ ಇಡಿ. ದುಡ್ಡು ಉಳಿಸಲೇಬೇಕಿದ್ದರೆ ಲಾಡ್ಜಿನ ಬಾಡಿಗೆಯಲ್ಲಿ ಉಳಿಸಿ. ಇನ್ನು, ಕಾಯಿಲೆ ಯಾವುದು ಅಂತ ಡಾಕ್ಟರು ಖಚಿತವಾಗಿ ಹೇಳುವ ತನಕ, ಬಿದ್ದ ಮಗುವನ್ನು ಎತ್ತಿಕೊಳ್ಳಿ, ಬೈಯಬೇಡಿ.