ಇಟಲಿಯ ಬೈಕಿನಲ್ಲಿ ಹೆಣ್ಣು ನೋಡಲು ಹೋದದ್ದು

ತೊಂಬತ್ತರ ದಶಕದ ಕೊನೆಯಲ್ಲಿ, ನನಗೆ ತಿಳಿದಂತೆ, ಇಡೀ ಮೈಸೂರಿಗೆ ಒಂದೇ ಒಂದು ಇಟಲಿಯ ರೇಸ್ ಬೈಕ್ ಇತ್ತು. ಅದು ನನ್ನದು. ಬಿಡಿಭಾಗ ಇಲ್ಲೆಲ್ಲೂ ಸಿಗದ ಕಾರಣ ತಿಂಗಳಲ್ಲಿ ಇಪ್ಪತ್ತು ದಿನ ಅದು ಮನೆ ಮುಂದೆ ನಿಂತುಕೊಂಡೇ ತನ್ನ ವೇಗ ಮೆರೆಯುತ್ತಿತ್ತು. ಅಷ್ಟು ಸಾಲದೆಂದು ನಾನು ನಮ್ಮ ಮೈಸೂರಿನದೇ ಹೆಬ್ಬಾಳದ ಒಂದು ವರ್ಕ್‌ಶಾಪಿನಲ್ಲಿ ಹ್ಯಾಂಡಲ್ಲನ್ನು ಇನ್ನೂ ನಾಲ್ಕು ಬೆರಳು ತಗ್ಗಿಸಿಕೊಂಡು ಬಂದೆ. ಗಾಳಿ ಸೀಳಿಕೊಂಡು ಹೋಗಬೇಕಲ್ಲ! ನಮ್ಮ ರಾಜೀವನಗರದ ರಸ್ತೆಗಳಲ್ಲಿ ಗಾಳಿಗಿಂತ ಎಮ್ಮೆಗಳೇ ಹೆಚ್ಚು ಅಡ್ಡ ಬರುತ್ತಿದ್ದವು.

ಆ ವಾರವೇ ವಿಜಯನಗರದಲ್ಲಿ ಹೆಣ್ಣು ನೋಡುವ ಶಾಸ್ತ್ರ. ಅಪ್ಪ ಅಮ್ಮ ಆಟೋದಲ್ಲಿ ಹೋದರು. ನಾನು ಟ್ಯಾಂಕಿನ ಮೇಲೆ ಬೋರಲಾಗಿ ಹೊರಟೆ. ಅವರ ಗೇಟಿನ ಮುಂದೆ ಇಳಿದರೆ ಸೊಂಟ ಹಿಡಿದುಕೊಂಡಿತ್ತು, ನೆಟ್ಟಗೆ ನಿಲ್ಲಲಾಗಲಿಲ್ಲ. ಬಾಗಿಕೊಂಡೇ ಒಳಗೆ ಹೋದೆ.

ಬಾಗಿಲಲ್ಲಿದ್ದ ಹುಡುಗಿಯ ಅಜ್ಜಿ, "ಈ ಕಾಲದಲ್ಲೂ ಇಂಥ ವಿನಯವಂತರು ಇದಾರಲ್ಲ ಕಣ್ರಮ್ಮ!" ಎಂದು ನನ್ನ ತಲೆ ಮೇಲೆ ಕೈಯಿಟ್ಟು ಹರಸಿದರು. ಅಮ್ಮ ಹೆಮ್ಮೆಯಿಂದ ಬೀಗಿದಳು. ನಿಜ ಹೇಳುವಷ್ಟು ದೊಡ್ಡ ಮನುಷ್ಯ ನಾನಾಗಿರಲಿಲ್ಲ.

ಉಪ್ಪಿಟ್ಟು ಕೊಡಲು ಬಂದ ಹುಡುಗಿ ಮಾತ್ರ ಮೆಲ್ಲಗೆ ಕೇಳಿದಳು: "ಸೊಂಟ ಹಿಡ್ಕೊಂಡಿದೆ ಅಲ್ವಾ? ನೋವಿನೆಣ್ಣೆ ತರ್ಲಾ?"

ನಾಚಿಕೆಯಿಂದ ಹೂಂ ಅಂದೆ. ಅವಳು ನಗು ತಡೆದುಕೊಂಡ ರೀತಿಗೇ ನಾನು ಮನಸ್ಸಿನಲ್ಲಿ ಒಪ್ಪಿಬಿಟ್ಟೆ.

ಮದುವೆಯಾದ ಮೇಲೆ ಅವಳೇ ನಿಂತು ಹ್ಯಾಂಡಲ್ ಎತ್ತರಿಸಿ, ಹಿಂದೆ ಅಗಲವಾದ ಸೀಟು ಹಾಕಿಸಿದಳು. ಮುಂದೆ ಎಷ್ಟೋ ವರ್ಷ ಆ ಅಪರೂಪದ ರೇಸ್ ಬೈಕು ಭಾನುವಾರ ಬೆಳಿಗ್ಗೆ ನಮ್ಮಿಬ್ಬರನ್ನೂ ಎರಡು ಚೀಲ ತರಕಾರಿಯನ್ನೂ ಹೊತ್ತು ಮಾರ್ಕೆಟ್ಟಿನಿಂದ ಬರುತ್ತಿತ್ತು, ಎರಡನೇ ಗೇರಿನಲ್ಲಿ.