ಖಾಲಿ ಕಾರಿಗೆ ಮಡ್‌ಗಾರ್ಡು

ಟಕ್, ಟಕ್, ಟಕ್. ಯಾಕೂಬಸಾಬ ಮಡ್‌ಗಾರ್ಡಿನ ಬೆನ್ನನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಕಿವಿಗೊಟ್ಟಿದ್ದ. ಫೈಬರ್‌ಗ್ಲಾಸಿನ ಪದರಗಳ ನಡುವೆ ಗಾಳಿ ಸಿಕ್ಕಿಕೊಂಡಿದ್ದರೆ ದನಿ ಸಪ್ಪಗಾಗುತ್ತದೆ. ನಾಲ್ಕರಲ್ಲಿ ಒಂದೂ ಸಪ್ಪಗಿರಲಿಲ್ಲ.

ಮೂವತ್ತು ವರ್ಷ ಅವನು ಹುಬ್ಬಳ್ಳಿಯಲ್ಲಿ ಟೆಂಪೊಗಳ ಮೂತಿ, ಏರ್‌ಕೂಲರಿನ ಡಬ್ಬಿ, ದುರ್ಗದಬೈಲಿನ ಸೀರೆ ಅಂಗಡಿಗಳಿಗೆ ತಲೆಯಿಲ್ಲದ ಗೊಂಬೆ ಮಾಡಿಕೊಟ್ಟವನು. ಗಾಜಿನ ನೂಲು ಚರ್ಮಕ್ಕೆ ಹೊಕ್ಕು ಕೈ ಸದಾ ತುರಿಸುತ್ತಿತ್ತು. ಹೆಂಡತಿ ಜರೀನಾ ದಿನವೂ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಆವರೆಗೆ ಮಾಡಿದ್ದೆಲ್ಲ ಬೇರೆಯವರ ಅಚ್ಚಿನ ಮಾಲು. ಈ ನಾಲ್ಕನ್ನು ಮಾತ್ರ ಅವನೇ ಮಣ್ಣಿನಲ್ಲಿ ತಿದ್ದಿ ಅಚ್ಚು ತೆಗೆದಿದ್ದ. ರೆಕ್ಕೆ ಮಡಿಚಿದ ಹಕ್ಕಿಯ ಹಾಗೆ ಇಳಿದು, ತುದಿಯಲ್ಲಿ ಬೆರಳಗಲ ಒಳಕ್ಕೆ ತಿರುಗಿದ ಅಂಚು. ಆ ಅಂಚಿಗಾಗಿ ಮೂರು ಸಲ ಮಣ್ಣು ಕೆಡಿಸಿ ಮತ್ತೆ ಕಟ್ಟಿದ್ದ.

ಕಾರು ಧಾರವಾಡದ ಮಾಳಮಡ್ಡಿಯ ದಂತವೈದ್ಯ ಮಿಲಿಂದನದು. ಮನೆಯಲ್ಲಿ ತಾನೇ ಕಟ್ಟಿದ ಸ್ಪೋರ್ಟ್ಸ್ ಕಾರೆಂದು ಹೇಳಿಕೊಳ್ಳುತ್ತಿದ್ದ. ಚಾಸಿ ಬೆಸೆದವನು ಒಬ್ಬ ವೆಲ್ಡರ್, ಎಂಜಿನ್ ಕೂರಿಸಿದವನು ಇನ್ನೊಬ್ಬ ಮಿಸ್ತ್ರಿ. ಮಿಲಿಂದ ಮಾಡಿದ್ದು ಸ್ಪ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡದ್ದು. ಗ್ರೀಸನ್ನೂ ಬಳಿದುಕೊಂಡಿದ್ದ, ಎಡಗೆನ್ನೆಗೆ ಮಾತ್ರ.

ಮಡ್‌ಗಾರ್ಡು ಕೂರಿಸುವ ದಿನ ಯಾಕೂಬಸಾಬ ಕೇಳಿದ್ದು ಒಂದೇ. ಇಬ್ಬರು ಕಾರಿನಲ್ಲಿ ಕೂಡಬೇಕು. ಭಾರಕ್ಕೆ ಸ್ಪ್ರಿಂಗು ಕುಗ್ಗಿ ಚಕ್ರ ಎಲ್ಲಿ ನಿಲ್ಲುತ್ತದೋ ನೋಡಿ ಬೋಲ್ಟಿನ ತೂತಿಗೆ ಗುರುತು ಹಾಕಬೇಕು. ಮಿಲಿಂದನ ಮುಖ ಹುಳ್ಳಗಾಯಿತು. ರವಿವಾರ ಪೂಜೆ. ಪೂಜೆಗೆ ಮುಂಚೆ ಹೊಸ ಗಾಡಿಯಲ್ಲಿ ಯಾರೂ ಕೂಡಬಾರದೆಂದು ತಾಯಿ ಮೃಣಾಲಿನಿಬಾಯಿಯ ಕಟ್ಟಪ್ಪಣೆಯಾಗಿತ್ತು. ಹಾಗಾದರೆ ಎರಡು ಚೀಲ ಉಸುಕು ಇಡೋಣವೆಂದ ಯಾಕೂಬಸಾಬ. ಹೊಸ ಸೀಟಿನ ಮೇಲೆ ಉಸುಕೇ ಎಂದು ಮಿಲಿಂದ ನಕ್ಕ. ಪೂಜೆ ಮುಗಿದ ಮೇಲೆ ಮಡ್‌ಗಾರ್ಡು ಕೂರಿಸುತ್ತೇನೆಂದರೆ, ಬೋಳು ಚಕ್ರದ ಕಾರನ್ನು ನೆಂಟರಿಗೆ ತೋರಿಸುವುದಾದರೂ ಹೇಗೆ?

"ನಾನೂ ದಿನಾ ಡ್ರಿಲ್ ಹಿಡೀತೀನಿ, ಸಾಬ್ರ. ತೂತು ಎಲ್ಲಿ ಹೊಡೀಬೇಕು ನನಗ ಗೊತ್ತದ."

"ನೀವು ಹಿಡಿಯೋ ಹಲ್ಲು ಕುಗ್ಗಂಗಿಲ್ರಿ ಡಾಕ್ಟರ. ಗಾಡಿ ಕುಗ್ತೈತಿ."

ಮಿಲಿಂದ ಖಾಲಿ ಕಾರಿನ ಮೇಲೆಯೇ ಅಳೆದು ಹದಿನಾರು ತೂತು ಹೊಡೆದ. ಯಾಕೂಬಸಾಬ ರಬ್ಬರ್ ವಾಷರ್ ಇಟ್ಟು ನಟ್ಟು ಬಿಗಿದ. ಬೇಡವೆಂದು ಇನ್ನೊಮ್ಮೆ ಹೇಳಬಹುದಿತ್ತು, ಹೇಳಲಿಲ್ಲ. ತಾನು ತಿದ್ದಿದ್ದನ್ನು ಕಾರಿನ ಮೇಲೆ ನೋಡುವ ಆಸೆ ಅವನಿಗೂ ಇತ್ತು.

ರವಿವಾರ ಯಾಕೂಬಸಾಬ ನೆಂಟರ ಹಿಂದೆ ಕಂಪೌಂಡಿಗೆ ಒರಗಿ ನಿಂತಿದ್ದ. ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಕಾರಿನೊಳಗೆ ಮಿಲಿಂದ, ಪಕ್ಕದಲ್ಲಿ ತಾಯಿ. ಇಬ್ಬರೂ ತಿಂದುಂಡ ಮೈಯವರು. ಗೇಟಿನ ಉಬ್ಬು ದಾಟುವಾಗ ಮುಂದಿನ ಟೈರು ಅಂಚನ್ನು ಕಚ್ಚಿತು. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು.

ಮಿಲಿಂದ ಇಳಿದವನೇ ನೆಂಟರ ಕಡೆ ತಿರುಗಿ, ಕೂಲರ್ ಮಾಡುವವರಿಗೆ ಕಾರು ಕೊಟ್ಟರೆ ಇದೇ ಗತಿ ಎಂದ. ಹದಿನಾರು ತೂತು ಹೊಡೆದ ಕೈ ಅದೇ ಹೊತ್ತಿಗೆ ಜುಬ್ಬಾದ ಕಿಸೆಯಲ್ಲಿತ್ತು.

ಯಾಕೂಬಸಾಬ ಬಗ್ಗಿ ನೋಡಿದ. ಮಡ್‌ಗಾರ್ಡು ಎರಡು ಬೆರಳು ಮೇಲೇರಬೇಕು. ಹಳೆಯ ತೂತು ತುಂಬಿ, ಬಣ್ಣ ಹೊಡೆದು ನಾಲ್ಕು ದಿನದಲ್ಲಿ ಕೊಡುತ್ತೇನೆಂದ. ನಾಲ್ಕು ದಿನವೆಲ್ಲಿಂದ ಬರಬೇಕು, ಸಂಜೆಗೆ ಕಾರು ಕ್ಲಬ್ಬಿಗೆ ಹೋಗಬೇಕು. ಅಂಚನ್ನೇ ಕೊಯ್ದು ಹಾಕಿದರೆ ಆಯಿತಲ್ಲ ಎಂದ ಮಿಲಿಂದ.

"ಅಂಚಿನ ಮ್ಯಾಲನ ಅದರ ಜೀವ ಐತ್ರಿ. ಅದನ್ನ ತಗದ್ರ ಮಡ್‌ಗಾರ್ಡ ಉಳಿಯಂಗಿಲ್ಲ, ಕೂಲರ್ ಮುಚ್ಚಳ ಆಕ್ಕೈತಿ."

ಮಿಲಿಂದ ಆಗಲೇ ಒಳಗಿನಿಂದ ಕೊಯ್ಯುವ ಗ್ರೈಂಡರ್ ತಂದು ವೈರು ಬಿಚ್ಚುತ್ತಿದ್ದ. ನೆಂಟರಲ್ಲೊಬ್ಬರು ಫೋಟೊಕ್ಕೆಂದು ಮೊಬೈಲು ಎತ್ತಿದರು. ಅವನು ಕೊಂಚ ಬಲಕ್ಕೆ ಹೊರಳಿ, ಜುಬ್ಬಾದ ತೋಳು ಮಡಿಚಿಕೊಂಡು, ಪೆನ್ಸಿಲಿನಿಂದ ಅಂಚಿನ ಮೇಲೆ ಗೆರೆ ಎಳೆದ.

"ಸಾಬ್ರ, ಅರ್ಧಾ ಇಂಚು ಸಾಕೋ, ಇಲ್ಲಾ ಪೂರಾ..."

ಯಾಕೂಬಸಾಬ ಚಪ್ಪಲಿ ಮೆಟ್ಟಿ ಗೇಟು ದಾಟಿದ್ದ.