ಜೂನ್ ಒಂದರಂದು ಹುಟ್ಟದವರ ಕುಲಸುಮಬೀ

ಬೆಳಗಿನ ಆರೂವರೆ. ಭಾಲ್ಕಿ ತಾಲೂಕಿನ ಸಾಯಗಾಂವದಲ್ಲಿ ಒಲೆಯ ಹೊಗೆ ಈಗಷ್ಟೇ ಏಳುತ್ತಿದೆ. ಸೂಲಗಿತ್ತಿ ಕೌಸಲ್ಯಾಬಾಯಿಯ ಮನೆಯ ಕಟ್ಟೆಯ ಮೇಲೆ ಅರ್ಜಿ ಬರೆಯುವ ಕುಲಸುಮಬೀ ಕಾಲು ಮಡಚಿ ಕೂತಿದ್ದಾರೆ. ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಕಾಗದ. ನಿನ್ನೆ ಸಂಜೆಯೇ ಬೀದರಿನಿಂದ ಭಾಲ್ಕಿಗೆ ಬಂದು ತಂಗಿಯ ಮನೆಯಲ್ಲಿ ಮಲಗಿ, ಮೊದಲ ಬಸ್ಸು ಹಿಡಿದಿದ್ದಾರೆ. ಬಿಸಿಲೇರಿದರೆ ಹಿರಿಯರು ಹೊಲಕ್ಕೆ ಹೋಗಿಬಿಡುತ್ತಾರೆ, ಆಮೇಲೆ ಯಾರೂ ಸಿಗುವುದಿಲ್ಲ.

"ಆಯಿ, ಪ್ರಣಾಲಿ ಹುಟ್ಟಿದಾಗ ಎಲ್ಲಿದ್ರಿ?"

"ಎಲ್ಲಿರ್ತೇನಿ, ಹೊಲದಾಗ! ಊರಿಗೆ ಊರೇ ಹೊಲದಾಗ ಇತ್ತಲ್ಲ. ಭೂಮಿ ನಡುಗ್ಯಾದಂತ ಯಾರೂ ಮನ್ಯಾಗ ಮಲಗಲಿಲ್ಲ. ತಾಡಪತ್ರಿ ಕೆಳಗ ಹುಟ್ಯಾಳ ಆಕಿ."

"ನಡುಗಿ ಎಷ್ಟ ದಿನಕ್ಕರಿ?"

ಎಂಬತ್ತು ದಾಟಿದ ಅಜ್ಜಿ ಬೆರಳು ಮಡಚುತ್ತಾರೆ. "ಗಣಪತಿ ಕಳಿಸಿದ ರಾತ್ರಿನೇ ನಡುಗಿತು, ಬೆಳಕು ಹರಿಯೂ ಮುಂದ. ಆ ದಿನ ಹಿಡದು ಐದನೇ ದಿನ. ಕಂದೀಲ ಹಚ್ಚೂ ಹೊತ್ತಿಗೆ."

ಆ ಭೂಕಂಪ ಆದದ್ದು ೧೯೯೩ರ ಸೆಪ್ಟೆಂಬರ್ ೩೦ರ ನಸುಕಿನಲ್ಲಿ. ಕುಲಸುಮಬೀ ಬರೆದುಕೊಳ್ಳುತ್ತಾರೆ: ೪ ಅಕ್ಟೋಬರ್ ೧೯೯೩.

ಪ್ರಣಾಲಿಯ ಶಾಲೆಯ ದಾಖಲೆ ಹೇಳುವುದೇ ಬೇರೆ. ಅದರಲ್ಲಿ ಆಕೆ ಹುಟ್ಟಿದ್ದು ಜೂನ್ ೧, ೧೯೯೪. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಮಾಸ್ತರು ಆರು ವರ್ಷ ಎಂದು ಲೆಕ್ಕ ಹಿಡಿದು, ಶಾಲೆ ಶುರುವಾಗುವ ಜೂನ್ ಒಂದನ್ನೇ ಹುಟ್ಟಿದ ದಿನ ಎಂದು ಬರೆದುಬಿಡುತ್ತಿದ್ದರು. ಅರ್ಧ ಜಿಲ್ಲೆಗೆ ಒಂದೇ ಹುಟ್ಟುಹಬ್ಬ. ನನ್ನದೂ ಅದೇ, ಬಿಡಿ!

ಊರಲ್ಲಿದ್ದಷ್ಟು ದಿನ ಇದರಿಂದ ಯಾರಿಗೂ ತೊಂದರೆಯಿಲ್ಲ. ಪ್ರಣಾಲಿ ಜರ್ಮನಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಆರು ವರ್ಷ ದುಡಿದು, ಅಲ್ಲೇ ದೀರ್ಘಕಾಲ ನೆಲೆಸಲು ಅರ್ಜಿ ಹಾಕಿದ್ದಾಳೆ. ಜೊತೆಗಿಟ್ಟ ವಂಶವೃಕ್ಷ ನೋಡಿದ ಅಲ್ಲಿನ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ. ಪ್ರಣಾಲಿಯ ತಮ್ಮ ಕುಣಾಲ ಆಸ್ಪತ್ರೆಯಲ್ಲಿ ಹುಟ್ಟಿದವ, ಅವನ ದಾಖಲೆ ಪಕ್ಕಾ: ಜನವರಿ ೧೨, ೧೯೯೫. ಅಕ್ಕ ಹುಟ್ಟಿದ ಏಳೂವರೆ ತಿಂಗಳಿಗೆ ಅದೇ ತಾಯಿಗೆ ತಮ್ಮ ಹುಟ್ಟುವುದು ಹೇಗೆ? ಉತ್ತರ ಕೊಡದಿದ್ದರೆ ಅರ್ಜಿ ರದ್ದು. ಈಗಿರುವ ಪರವಾನಗಿಯೂ ಮುಗಿಯುತ್ತ ಬಂದಿದೆ, ಆರು ವರ್ಷದ ಬದುಕನ್ನು ಗಂಟು ಕಟ್ಟಿಕೊಂಡು ವಾಪಸು ಬರಬೇಕು.

ಪ್ರಣಾಲಿಯ ಕಾಕಾ ಸುಶೀಲಕುಮಾರ ಸುಲಭದ ದಾರಿ ಹಿಡಿದುಕೊಂಡೇ ಕುಲಸುಮಬೀ ಹತ್ತಿರ ಬಂದಿದ್ದರು. "ಕುಣಾಲನ ತಾರೀಖು ಒಂದು ವರ್ಷ ಮುಂದ ತಳ್ಳಿದ್ರ ಮುಗೀತಲ್ರಿ. ಅಂಥಾ ಕಾಗದ ಮಾಡಿಕೊಡಾವ್ರು ಇದ್ದಾರ."

"ನಾಳಿ ಕುಣಾಲನೂ ಅದೇ ದೇಶಕ್ಕ ಹೊಂಟ್ರ ಅವಗ ಯಾವ ಝೂಟ್ ಕಲಿಸಾಣ್ರಿ?" ಎಂದು ಕುಲಸುಮಬೀ ಕೇಳಿದರಂತೆ. ಕಾಕಾ ಚಹಾದ ಕಪ್ಪು ಎತ್ತಿಕೊಂಡರು.

ಕುಲಸುಮಬೀಗೆ ಶಾಲೆಯ ಲೆಕ್ಕದಲ್ಲಿ ಐವತ್ತೇಳು. ಗಂಡ ಅಬ್ದುಲ ಸಮದ ಬೀದರಿನ ಕಚೇರಿಯೊಂದರ ಮುಂದೆ ಅರ್ಜಿ ಬರೆಯುತ್ತಿದ್ದವರು. ಅವರು ತೀರಿಕೊಂಡ ನಲವತ್ತನೇ ದಿನ ಕಳೆದ ಮೇಲೆ ಅದೇ ಮೇಜಿಗೆ ಈಕೆ ಬಂದು ಕೂತರು. ಅದಕ್ಕೀಗ ಹತ್ತೊಂಬತ್ತು ವರ್ಷ. "ಮೊದಲ ಆರು ತಿಂಗಳ ಯಾರೂ ಬರಲಿಲ್ರಿ. ಹೆಂಗಸು ಏನ್ ಬರೀತಾಳಂತ ನೋಡಿ ನೋಡಿ ಹೋಗ್ತಿದ್ರು. ನಾ ಪೆನ್ನಿಗೆ ಕ್ಯಾಪ್ ಹಾಕೂದು, ತಗಿಯೂದು. ಅಷ್ಟೇ ಕೆಲಸ," ಎಂದು ನಗುತ್ತಾರೆ. ಆಮೇಲೆ ಔರಾದಿನ ನರ್ಸ್ ಒಬ್ಬಳು ಕೊಲ್ಲಿ ದೇಶಕ್ಕೆ ಹೋಗಲು ಕಾಗದ ಬರೆಸಿಕೊಂಡಳು. ಆಕೆಯ ಗೆಳತಿಯರು ಬಂದರು. ಈಗ ವಾರಕ್ಕೆ ಮೂರು ಊರು. ಒಬ್ಬರ ಹುಟ್ಟಿದ ದಿನಕ್ಕೆ ಮೂವರು ಹಿರಿಯರನ್ನು ಬೇರೆ ಬೇರೆಯಾಗಿ ಕೇಳುತ್ತಾರೆ. ಇಷ್ಟು ವರ್ಷದಲ್ಲಿ ಇನ್ನೂರ ನಲವತ್ತು ಮಂದಿಯ ನಿಜವಾದ ದಿನ ಸಿಕ್ಕಿದೆ.

"ತಾರೀಖು ಕೇಳಬಾರದ್ರಿ," ಎನ್ನುತ್ತಾರೆ. "ಕೇಳಿದ್ರ ಅಂಜತಾರ, ಏನರ ಒಂದು ಹೇಳಿಬಿಡ್ತಾರ. ಅವತ್ತ ಏನ್ ಅಡಗಿ ಆಗಿತ್ತು, ಹೊಲದಾಗ ಏನ್ ಇತ್ತು, ಯಾರ ಮದುವಿ ಆಗಿತ್ತು ಅಂತ ಕೇಳಬೇಕು. ತಾರೀಖು ತಾನೇ ಬರ್ತದ."

ಸಾಯಗಾಂವದ ಇನ್ನಿಬ್ಬರು ಹಿರಿಯರ ಮಾತೂ ಕೂಡಿ ಬರುತ್ತದೆ. ಇನ್ನು ಕೌಸಲ್ಯಾಬಾಯಿ ಭಾಲ್ಕಿಯ ಕಚೇರಿಗೆ ಬಂದು, ಹೆರಿಗೆ ಮಾಡಿಸಿದ್ದು ತಾನೇ ಎಂಬ ಹೇಳಿಕೆಗೆ ಸಾಹೇಬರ ಮುಂದೆ ಹೆಬ್ಬಟ್ಟು ಒತ್ತಬೇಕು. ಮರುವಾರ ಬರುತ್ತಾರೆ, ಆದರೆ ವರಾಂಡದಲ್ಲೇ ಹಟ ಹಿಡಿದು ಕೂಡುತ್ತಾರೆ. "ಮೊದಲ ಹುಡುಗಿನ್ನ ತೋರಸು. ಯಾರಿಗಂತ ಒತ್ತಲಿ?"

ಕುಲಸುಮಬೀ ಫೋನು ಹಚ್ಚುತ್ತಾರೆ. ತೆರೆಯ ಮೇಲೆ ಪ್ರಣಾಲಿಯ ದಣಿದ ಮುಖ. "ಎಡಗಿವಿ ಹಿಂದ ತೋರಸು," ಎನ್ನುತ್ತಾರೆ ಅಜ್ಜಿ. ಆಕೆ ಕೂದಲು ಸರಿಸಿ ತಿರುಗುತ್ತಾಳೆ. ಅಲ್ಲೊಂದು ಕರಿ ಮಚ್ಚೆ.

"ಆಕಿನೇ! ಕಂದೀಲ ಹಿಡದು ನಾ ಮೊದಲ ನೋಡಿದ್ದೇ ಅದನ್ನ. ಉಂಡಿಯೇನ ಯವ್ವಾ?"

ಪ್ರಣಾಲಿ ತೆರೆಯತ್ತ ಬಾಗಿ ತಲೆಯಾಡಿಸುತ್ತಾಳೆ. ಇತ್ತ ಕುಲಸುಮಬೀ ದುಪಟ್ಟಾದಿಂದ ಕಣ್ಣು ಒರೆಸಿಕೊಂಡು, "ಬರ್ರಿ ಆಯಿ, ಸಾಹೇಬ್ರು ಊಟಕ್ಕ ಏಳ್ತಾರ," ಎಂದು ಎಬ್ಬಿಸುತ್ತಾರೆ.

ಜನನ ಪತ್ರ ಬಂತು, ಪಾಸ್‌ಪೋರ್ಟಿನಲ್ಲೂ ದಿನ ತಿದ್ದಿದ್ದಾಯಿತು. ಜರ್ಮನಿಯ ಕಚೇರಿಗೆ ಕುಲಸುಮಬೀ ನಡೆದದ್ದನ್ನು ನಡೆದಂತೆಯೇ ಬರೆದು ಕಳಿಸಿದರು: ಭೂಕಂಪ, ತಾಡಪತ್ರಿ, ಕಿವಿ ಮುಟ್ಟಿಸಿದ ಮಾಸ್ತರು, ಎಲ್ಲ. ಐದು ತಿಂಗಳ ನಂತರ ಪ್ರಣಾಲಿಗೆ ನೆಲೆಸುವ ಪರವಾನಗಿ ಕೈಸೇರಿತು.

ಆ ಸುದ್ದಿ ಹೇಳಲು ಕುಲಸುಮಬೀ ಮತ್ತೆ ಮೊದಲ ಬಸ್ಸು ಹಿಡಿಯುತ್ತಾರೆ. ನಾನೂ ಜೊತೆಗಿದ್ದೇನೆ. ಪೇಢೆ ಬಾಯಿಗಿಟ್ಟುಕೊಂಡ ಕೌಸಲ್ಯಾಬಾಯಿ ಇದ್ದಕ್ಕಿದ್ದಂತೆ ಕೇಳುತ್ತಾರೆ, "ಬೇಟಿ, ನೀ ಯಾವಾಗ ಹುಟ್ಟೀದಿ?"

"ಸಾಲ್ಯಾಗ ಜೂನ್ ಒಂದು ಅದ್ರಿ. ಜೋಳ ಕೊಯ್ಯೂ ಮುಂದ ಹುಟ್ಟೀದಿ ಅಂತಿದ್ಳು ಅಮ್ಮೀ. ಯಾವ ದಿನ ಅಂತ ಹೇಳಾವ್ರು ಈಗ ಯಾರೂ ಉಳದಿಲ್ಲ. ಒಮ್ಮಿ ಗೊತ್ತಾಗಬೇಕಿತ್ತು ಅನಸ್ತದ್ರಿ, ಅಷ್ಟೇ."

ಅಜ್ಜಿ ಸೆರಗಿಗೆ ಕೈ ಒರೆಸಿ ಹೆಬ್ಬೆರಳು ಮುಂದೆ ಮಾಡುತ್ತಾರೆ. "ತಾ ಕಾಗದ. ಯಾವ ದಿನ ಬೇಕು ಬರಕೋ. ನಾನೇ ಹೆರಿಗಿ ಮಾಡೇನಂತ ಒತ್ತತೇನಿ."

ಕುಲಸುಮಬೀ ಆ ಹೆಬ್ಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ.

"ಬ್ಯಾಡ್ರಿ ಆಯಿ," ಎನ್ನುತ್ತಾರೆ. "ನೀವು ಅಲ್ಲಿ ಇರಲಿಲ್ಲಲ್ರಿ. ಇದ್ದಿದ್ರ ಭಾಳ ಛಲೋ ಇತ್ತು."